ಬುರುಡೆಯ ಬಾಗಿಲಲ್ಲಿ ನಿಂತ ರಕ್ತ: ಮಿದುಳು ಸಾವಿನ ಪತ್ತೆಯಲ್ಲಿ ಸ್ಕ್ಯಾನ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕಪ್ಪು ಪರದೆಯ ಮೇಲೆ ಒಂದು ತಲೆಯ ಚಿತ್ರ ಇದೆ ಅಂದುಕೊಳ್ಳಿ. ಕತ್ತಿನ ಎರಡೂ ಬದಿಯಲ್ಲಿ ಬೆಳಕಿನ ಚುಕ್ಕಿಗಳು ದಟ್ಟವಾಗಿವೆ. ಮುಖದ ಮೇಲೂ ಇವೆ. ಮೂಗಿನ ಹತ್ತಿರ ಇನ್ನೂ ಜಾಸ್ತಿ, ಅಲ್ಲಿ ಕೆಂಡ ಇಟ್ಟ ಹಾಗೆ ಹೊಳೆಯುತ್ತಿದೆ. ತಲೆಯ ಸುತ್ತ ತೆಳ್ಳಗೆ ಒಂದು ಗೆರೆ ಕಾಣುತ್ತದೆ, ಅದು ನೆತ್ತಿಯ ಚರ್ಮದ್ದು. ಆದರೆ ಆ ಗೆರೆಯ ಒಳಗೆ, ಮಿದುಳು ಇರಬೇಕಾದ ಜಾಗದಲ್ಲಿ, ಬರೀ ಕತ್ತಲೆ. ಇಂಥ ಚಿತ್ರಗಳನ್ನು ಓದುವ ವೈದ್ಯರು ಇದಕ್ಕೆ ಇಟ್ಟಿರುವ ಹೆಸರು 'ಖಾಲಿ ಬಲ್ಬು'. ಮೂಗಿನ ಹೊಳಪಿಗೂ ಒಂದು ಹೆಸರಿದೆ: 'ಬಿಸಿ ಮೂಗು'.

ಈ ಚಿತ್ರ ತೆಗೆಯುವಾಗ ಆ ವ್ಯಕ್ತಿಯ ಹೃದಯ ಬಡಿಯುತ್ತಿರುತ್ತದೆ. ಕೈ ಮುಟ್ಟಿದರೆ ಬೆಚ್ಚಗಿರುತ್ತದೆ. ಮೂತ್ರ ಚೀಲಕ್ಕೆ ಇಳಿಯುತ್ತಿರುತ್ತದೆ. ವೆಂಟಿಲೇಟರ್ ಗಾಳಿ ತಳ್ಳಿದಾಗಲೆಲ್ಲ ಎದೆ ಏರಿ ಇಳಿಯುತ್ತದೆ.

ಹಾಗಾದರೆ ಈ ಚಿತ್ರವೊಂದೇ 'ಇವರು ತೀರಿಕೊಂಡಿದ್ದಾರೆ' ಎಂದು ಹೇಳಿಬಿಡುತ್ತದೆಯೇ? ಇಲ್ಲ. ಅದು ಹೇಳುವುದು ಒಂದೇ ಮಾತು: ರಕ್ತ ಬುರುಡೆಯ ಬಾಗಿಲವರೆಗೆ ಬಂತು, ಒಳಗೆ ಹೋಗಲಿಲ್ಲ. ಅದು ದೊಡ್ಡ ಮಾತೇ. ಆದರೆ ಆ ಮಾತನ್ನು ಯಾವಾಗ ನಂಬಬೇಕು ಅನ್ನುವುದು ಬೇರೆಯೇ ಲೆಕ್ಕ.

ಪದದಲ್ಲೇ ಇರುವ ಗೊಂದಲ

ಪತ್ರಿಕೆಗಳಲ್ಲಿ 'ಮಿದುಳು ನಿಷ್ಕ್ರಿಯಗೊಂಡ ವ್ಯಕ್ತಿ' ಎಂದು ಬರೆಯುತ್ತಾರೆ. ನನಗೆ ಈ ಪದ ಹಿಡಿಸುವುದಿಲ್ಲ. ನಿಷ್ಕ್ರಿಯವಾದ ಬ್ಯಾಂಕ್ ಖಾತೆಯನ್ನು ಅರ್ಜಿ ಕೊಟ್ಟು ಮತ್ತೆ ಚಾಲೂ ಮಾಡಿಸಬಹುದು, ಅಲ್ವಾ? ಮಿದುಳಿನ ಸಾವು ಹಾಗಲ್ಲ. ಸರಿಯಾಗಿ ಪತ್ತೆ ಮಾಡಿದ ಮಿದುಳು ಸಾವಿನಿಂದ ಯಾರೂ ವಾಪಸ್ ಬರುವುದಿಲ್ಲ. 'ಸರಿಯಾಗಿ ಪತ್ತೆ ಮಾಡಿದ' ಅನ್ನುವ ಎರಡು ಮೂರು ಪದಗಳ ಮೇಲೆಯೇ ಎಲ್ಲ ಭಾರ ಇರುವುದು.

ಕೋಮಾ ಬೇರೆ. ಕೋಮಾದಲ್ಲಿ ಪ್ರಜ್ಞೆ ಇರುವುದಿಲ್ಲ, ಆದರೆ ಮಿದುಳಿನ ಕೆಲವು ಭಾಗಗಳು ಕೆಲಸ ಮಾಡುತ್ತಿರುತ್ತವೆ. ಎಷ್ಟೋ ಜನ ತಾವಾಗಿಯೇ ಉಸಿರಾಡುತ್ತಾರೆ, ಕೆಲವರು ಎಚ್ಚರವಾಗುತ್ತಾರೆ. ವರ್ಷಗಟ್ಟಲೆ ಕಣ್ಣು ಬಿಟ್ಟುಕೊಂಡು, ಆದರೆ ಸುತ್ತಲಿನದು ಗೊತ್ತಾಗದೆ ಮಲಗಿರುವ ಸ್ಥಿತಿಯೂ ಬೇರೆ. ಅವರಿಗೆ ನಿದ್ದೆ ಬರುತ್ತದೆ, ಎಚ್ಚರವಾಗುತ್ತದೆ, ಉಸಿರು ತಾನಾಗಿ ಆಡುತ್ತದೆ. ಮಿದುಳು ಸತ್ತವರಲ್ಲಿ ಇದ್ಯಾವುದೂ ಇಲ್ಲ.

ಮತ್ತೆ ಹೃದಯ ಹೇಗೆ ಬಡಿಯುತ್ತದೆ? ಹೃದಯಕ್ಕೆ ತನ್ನದೇ ಒಂದು ವಿದ್ಯುತ್ ಕೇಂದ್ರ ಇದೆ. ಆಮ್ಲಜನಕ ಸಿಗುತ್ತಿರುವವರೆಗೆ ಅದು ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ಉಸಿರಾಟ ಹಾಗಲ್ಲ. ಅದರ ಆಜ್ಞೆ ಮಿದುಳು ಕಾಂಡದಿಂದ, ಅಂದರೆ ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಹೆಬ್ಬೆರಳಿನಷ್ಟು ದಪ್ಪದ ಭಾಗದಿಂದ, ಬರಬೇಕು. ಅದು ಸತ್ತರೆ ಉಸಿರು ನಿಲ್ಲುತ್ತದೆ. ಉಸಿರು ನಿಂತರೆ ಕೆಲವೇ ನಿಮಿಷಗಳಲ್ಲಿ ಹೃದಯವೂ ನಿಲ್ಲುತ್ತದೆ. ವೆಂಟಿಲೇಟರ್ ಬರುವವರೆಗೆ ಈ ಎರಡು ಸಾವುಗಳ ನಡುವೆ ಅಂತರವೇ ಇರಲಿಲ್ಲ, ಹಾಗಾಗಿ ಈ ಪ್ರಶ್ನೆಯೂ ಇರಲಿಲ್ಲ. ಯಂತ್ರ ಬಂದು ನಡುವೆ ಜಾಗ ಮಾಡಿತು. 1959ರಲ್ಲಿ ಪ್ಯಾರಿಸ್‌ನ ಇಬ್ಬರು ವೈದ್ಯರು, ಮೊಲಾರೆ ಮತ್ತು ಗುಲೋನ್, ಕೋಮಾವನ್ನೂ ದಾಟಿ ಹೋದ ಇಂಥ ರೋಗಿಗಳನ್ನು ಮೊದಲ ಬಾರಿಗೆ ವಿವರವಾಗಿ ಬರೆದರು. 1968ರಲ್ಲಿ ಹಾರ್ವರ್ಡ್‌ನ ಸಮಿತಿಯೊಂದು ಇದನ್ನು ಸಾವು ಎಂದು ಗುರುತಿಸಲು ಮಾನದಂಡ ಕೊಟ್ಟಿತು.

ಮುಚ್ಚಿದ ಡಬ್ಬದ ಲೆಕ್ಕ

ಸ್ಕ್ಯಾನ್ ಯಾಕೆ ಉಪಯೋಗಕ್ಕೆ ಬರುತ್ತದೆ ಎಂದು ತಿಳಿಯಲು ಬುರುಡೆಯನ್ನು ಒಂದು ಗಟ್ಟಿ ಡಬ್ಬ ಅಂತ ನೋಡಬೇಕು. ಒಳಗೆ ಮೂರು ವಸ್ತು: ಮಿದುಳು, ಅದರ ಸುತ್ತಲಿನ ನೀರಿನಂಥ ದ್ರವ, ಮತ್ತು ರಕ್ತ. ಡಬ್ಬ ಹಿಗ್ಗುವುದಿಲ್ಲ. ಒಂದು ಜಾಸ್ತಿಯಾದರೆ ಇನ್ನೊಂದು ಜಾಗ ಬಿಟ್ಟುಕೊಡಬೇಕು.

ತಲೆಗೆ ಜೋರು ಪೆಟ್ಟು ಬಿತ್ತು, ಅಥವಾ ಒಳಗೆ ರಕ್ತನಾಳ ಒಡೆಯಿತು, ಅಥವಾ ಹೃದಯ ನಿಂತು ಬಹಳ ಹೊತ್ತು ಆಮ್ಲಜನಕ ಸಿಗಲಿಲ್ಲ ಅನ್ನಿ. ಮಿದುಳು ಊದಿಕೊಳ್ಳುತ್ತದೆ. ಮೊದಲು ದ್ರವ ಬೆನ್ನುಹುರಿಯ ಕಡೆಗೆ ಜಾರಿ ಜಾಗ ಬಿಡುತ್ತದೆ. ಆಮೇಲೆ ತೆಳ್ಳನೆ ಗೋಡೆಯ ರಕ್ತನಾಳಗಳಿಂದ ರಕ್ತ ಹೊರಗೆ ಹೋಗುತ್ತದೆ. ಅಷ್ಟರಲ್ಲಿ ರಿಯಾಯಿತಿ ಮುಗಿಯಿತು. ಅಲ್ಲಿಂದ ಮುಂದೆ ಊತ ಸ್ವಲ್ಪ ಹೆಚ್ಚಿದರೂ ಒತ್ತಡ ಸರ್ರನೆ ಏರುತ್ತದೆ.

ಬಿಪಿ ಅಳೆಯುವ ಲೆಕ್ಕದಲ್ಲೇ ಹೇಳುವುದಾದರೆ, ಆರೋಗ್ಯವಂತರ ಬುರುಡೆಯೊಳಗಿನ ಒತ್ತಡ ಸುಮಾರು 5ರಿಂದ 15. ರಕ್ತವನ್ನು ಒಳಕ್ಕೆ ತಳ್ಳುವ ಸರಾಸರಿ ಬಿಪಿ ಸುಮಾರು 90. ಇವೆರಡರ ವ್ಯತ್ಯಾಸವೇ ಮಿದುಳಿಗೆ ರಕ್ತ ಕಳಿಸುವ ಬಲ. ಒಳಗಿನ ಒತ್ತಡ 40, 60, 80 ಎಂದು ಏರುತ್ತಾ ಹೋದರೆ ಆ ಬಲ ಕರಗುತ್ತಾ ಬರುತ್ತದೆ. ಕೊನೆಗೆ ಒಳಗೂ 90, ಹೊರಗೂ 90. ರಕ್ತ ಬಾಗಿಲಲ್ಲೇ ನಿಲ್ಲುತ್ತದೆ.

ಮಿದುಳು ದೇಹದ ತೂಕದಲ್ಲಿ ಬರೀ ಶೇ 2. ಆದರೆ ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಶೇ 15 ಅದಕ್ಕೇ ಬೇಕು, ನಿಮಿಷಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಲೀಟರ್. ಕೂಡಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಲ್ಲ. ರಕ್ತ ನಿಂತ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ಕೆಲವು ನಿಮಿಷಗಳಲ್ಲಿ ಜೀವಕೋಶಗಳು ಸಾಯತೊಡಗುತ್ತವೆ. ಸತ್ತ ಕೋಶಗಳು ಇನ್ನಷ್ಟು ಊದುತ್ತವೆ, ಒತ್ತಡ ಇನ್ನಷ್ಟು ಏರುತ್ತದೆ. ಡಬ್ಬದ ತಳದಲ್ಲಿ ಬೆನ್ನುಹುರಿ ಇಳಿಯಲು ಒಂದು ತೂತಿದೆ. ಒತ್ತಡ ತಾಳದೆ ಮಿದುಳಿನ ಕೆಳಭಾಗ ಆ ತೂತಿನ ಕಡೆಗೆ ಜಾರುತ್ತದೆ. ಅಲ್ಲೇ ಇರುವ ಮಿದುಳು ಕಾಂಡ ಜಜ್ಜಿಹೋಗುತ್ತದೆ.

ಮಿದುಳು ಸಾವಿನ ಸ್ಕ್ಯಾನ್‌ಗಳೆಲ್ಲ ನಿಂತಿರುವುದು ಈ ಕಥೆಯ ಮೇಲೆ. ಅವು ಮಿದುಳಿನ ಕೆಲಸವನ್ನು ನೋಡುವುದಿಲ್ಲ, ರಕ್ತವನ್ನು ನೋಡುತ್ತವೆ. ಕಥೆ ಬೇರೆ ತಿರುವು ತೆಗೆದುಕೊಂಡ ಕಡೆ ಸ್ಕ್ಯಾನ್ ಕೂಡ ಎಡವುತ್ತದೆ.

ಮೊದಲ ಕೆಲಸ ಕೈಯದ್ದು, ಯಂತ್ರದ್ದಲ್ಲ

ಎಷ್ಟೋ ಜನ 'ಸ್ಕ್ಯಾನ್‌ನಲ್ಲಿ ಬ್ರೇನ್ ಡೆಡ್ ಅಂತ ಬಂತು' ಅನ್ನುತ್ತಾರೆ. ಸಾಮಾನ್ಯವಾಗಿ ಹಾಗೆ ಬರುವುದಿಲ್ಲ. ಮುಖ್ಯ ಪರೀಕ್ಷೆ ನಡೆಯುವುದು ಹಾಸಿಗೆಯ ಪಕ್ಕದಲ್ಲಿ, ತೀರಾ ಸರಳ ಸಾಮಾನುಗಳಿಂದ: ಒಂದು ಟಾರ್ಚ್, ಒಂದು ಎಳೆ ಹತ್ತಿ, ಒಂದು ಸಿರಿಂಜ್ ತುಂಬ ಐಸ್ ನೀರು.

ಅದಕ್ಕೂ ಮೊದಲು ಹಲವು ಷರತ್ತುಗಳಿವೆ. ಮಿದುಳಿಗೆ ಇಷ್ಟು ಹಾನಿ ಯಾಕಾಯಿತು ಎಂಬ ಕಾರಣ ಗೊತ್ತಿರಬೇಕು. ಮೈ ತಣ್ಣಗಿರಬಾರದು, ಕನಿಷ್ಠ 36 ಡಿಗ್ರಿ ಸೆಲ್ಸಿಯಸ್ ಇರಬೇಕು. ಬಿಪಿ ಮೇಲಿನ ಅಂಕಿ ದೊಡ್ಡವರಲ್ಲಿ 100ಕ್ಕಿಂತ ಕೆಳಗೆ ಇರಬಾರದು. ನಿದ್ದೆ ಬರಿಸುವ, ಸ್ನಾಯು ಸಡಿಲಿಸುವ ಔಷಧಿಗಳ ಪರಿಣಾಮ ಪೂರ್ತಿ ಇಳಿದಿರಬೇಕು. ಇದು ಸುಮ್ನೆ ಕಾಗದದ ಶಿಸ್ತಲ್ಲ. ಕಟ್ಟುಹಾವು ಕಚ್ಚಿದವರು ಕಣ್ಣು ಬಿಡಲಾರದೆ, ಕೈಕಾಲು ಆಡಿಸಲಾರದೆ, ಉಸಿರಾಡಲಾರದೆ ಮಲಗಿರುತ್ತಾರೆ. ಪಾಪೆ ಕೂಡ ಬೆಳಕಿಗೆ ಕುಗ್ಗದೆ ಇರಬಹುದು. ನೋಡಿದರೆ ಮಿದುಳು ಸತ್ತಂತೆಯೇ. ಆದರೆ ವಿಷ ಕಟ್ಟಿಹಾಕಿರುವುದು ನರ ಮತ್ತು ಸ್ನಾಯು ಸೇರುವ ಜಾಗವನ್ನು, ಮಿದುಳನ್ನಲ್ಲ. ವೆಂಟಿಲೇಟರ್ ಆಸರೆ ಕೊಟ್ಟು ಕಾದರೆ ಅಂಥವರು ಎದ್ದು ಮನೆಗೆ ಹೋಗಿದ್ದಾರೆ. ಬ್ಯಾಕ್ಲೊಫೆನ್ ಎಂಬ ಸ್ನಾಯು ಸಡಿಲಿಸುವ ಮಾತ್ರೆ ವಿಪರೀತ ನುಂಗಿದವರ ಕಥೆಯೂ ಹೀಗೇ.

ಷರತ್ತು ಪೂರೈಸಿದರೆ ಪರೀಕ್ಷೆ ಶುರು. ಟಾರ್ಚ್ ಬಿಟ್ಟಾಗ ಪಾಪೆ ಕುಗ್ಗುತ್ತದೆಯೇ? ಹತ್ತಿಯ ಎಳೆ ಕಣ್ಣುಗುಡ್ಡೆಗೆ ತಾಗಿದಾಗ ರೆಪ್ಪೆ ಅಲುಗುತ್ತದೆಯೇ? ಕಿವಿಯೊಳಗೆ ಸುಮಾರು 50 ಮಿಲಿಲೀಟರ್ ಐಸ್ ನೀರು ಬಿಟ್ಟರೆ ಕಣ್ಣುಗುಡ್ಡೆ ಆ ಕಡೆಗೆ ಸರಿಯುತ್ತದೆಯೇ? ಗಂಟಲಿಗೆ ತಾಗಿಸಿದರೆ ಓಕರಿಕೆ, ಶ್ವಾಸನಾಳಕ್ಕೆ ನಳಿಕೆ ತಾಗಿದರೆ ಕೆಮ್ಮು ಬರುತ್ತದೆಯೇ? ಒಂದೊಂದು ಪ್ರಶ್ನೆಯೂ ಮಿದುಳು ಕಾಂಡದ ಒಂದೊಂದು ಮಹಡಿಯ ಬಾಗಿಲು ಬಡಿದ ಹಾಗೆ.

ಕೊನೆಯದು ಉಸಿರಿನ ಪರೀಕ್ಷೆ. ಮೊದಲು ಪೂರ್ತಿ ಆಮ್ಲಜನಕ ಕೊಟ್ಟು ರಕ್ತವನ್ನು ತುಂಬಿಸುತ್ತಾರೆ. ಆಮೇಲೆ ವೆಂಟಿಲೇಟರ್ ಬಿಡಿಸುತ್ತಾರೆ. ನಳಿಕೆಯೊಳಗೆ ತೆಳು ಪೈಪಿನಿಂದ ಆಮ್ಲಜನಕ ಹರಿಯುತ್ತಿರುತ್ತದೆ, ಆದರೆ ಯಾರೂ ಎದೆಯನ್ನು ಏರಿಸುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಮಿದುಳು ಕಾಂಡದಲ್ಲಿ ಒಂದಿಷ್ಟು ಜೀವ ಇದ್ದರೂ 'ಉಸಿರು ಎಳೆ' ಎಂದು ಕೂಗಿಕೊಳ್ಳುವಷ್ಟು ಬಲವಾದ ಕರೆ ಅದು. ಎಂಟರಿಂದ ಹತ್ತು ನಿಮಿಷ. ವೈದ್ಯರು ಎದೆ, ಹೊಟ್ಟೆ ಎರಡನ್ನೂ ತೆರೆದಿಟ್ಟು ದಿಟ್ಟಿಸಿ ನೋಡುತ್ತಿರುತ್ತಾರೆ. ಇಂಗಾಲದ ಡೈಆಕ್ಸೈಡ್‌ನ ಒತ್ತಡ, ಬಿಪಿ ಅಳೆಯುವ ಲೆಕ್ಕದಲ್ಲೇ, 60 ದಾಟಿ, ಶುರುವಿಗಿಂತ 20 ಏರಿದರೂ ಒಂದೇ ಒಂದು ಉಸಿರು ಇಲ್ಲ ಅಂದರೆ, ಉಸಿರಿನ ಕೇಂದ್ರ ಇನ್ನಿಲ್ಲ.

ಇಷ್ಟೂ ಪೂರ್ತಿಯಾಗಿ, ಸ್ಪಷ್ಟವಾಗಿ ಆದರೆ ಬಹಳಷ್ಟು ದೇಶಗಳ ನಿಯಮದಲ್ಲಿ ಸ್ಕ್ಯಾನ್ ಬೇಕಾಗಿಲ್ಲ. ಕೆಲವು ದೇಶಗಳಲ್ಲಿ ಮಾತ್ರ ಯಂತ್ರದ ಪರೀಕ್ಷೆಯೊಂದು ಕಡ್ಡಾಯ.

ಹಾಗಾದರೆ ಸ್ಕ್ಯಾನ್ ಯಾವಾಗ?

ಬಾಗಿಲು ಬಡಿಯಲು ಆಗದಿದ್ದಾಗ. ಅಪಘಾತದಲ್ಲಿ ಮುಖ, ಕಣ್ಣು ಜಜ್ಜಿಹೋಗಿದ್ದರೆ ಪಾಪೆ ನೋಡುವುದು ಹೇಗೆ? ಕತ್ತಿನ ಮೇಲ್ಭಾಗದ ಬೆನ್ನುಹುರಿ ತುಂಡಾಗಿದ್ದರೆ ಮಿದುಳು ಆಜ್ಞೆ ಕೊಟ್ಟರೂ ಎದೆ ಏರುವುದಿಲ್ಲ. ಬಹುಕಾಲದ ಶ್ವಾಸಕೋಶದ ಕಾಯಿಲೆ ಇರುವವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲೇ ಜಾಸ್ತಿ, ಅವರಲ್ಲಿ 60 ಅನ್ನುವ ಗೆರೆಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ಕೆಲವರಲ್ಲಿ ವೆಂಟಿಲೇಟರ್ ಬಿಡಿಸಿದ ಎರಡೇ ನಿಮಿಷಕ್ಕೆ ಬಿಪಿ ಕುಸಿದು ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ. ಇಂಥ ಕಡೆಗಳಲ್ಲಿ ಸ್ಕ್ಯಾನ್ ಸಾಕ್ಷಿಯಾಗಿ ಬರುತ್ತದೆ. ತೀರ್ಪುಗಾರನಾಗಿ ಅಲ್ಲ. ಪಾಪೆ ಒಂದಿಷ್ಟು ಕುಗ್ಗಿದರೂ, ಒಂದು ಕೆಮ್ಮು ಬಂದರೂ ಮುಗಿಯಿತು. ಆಗ ಯಾವ ಸ್ಕ್ಯಾನ್ ಏನೇ ಹೇಳಲಿ, ಅದು ಮಿದುಳು ಸಾವಲ್ಲ.

ಆಸ್ಪತ್ರೆಗೆ ಬಂದಾಗ ಮೊದಲು ಮಾಡಿಸುವ ಸಾದಾ ಸಿಟಿ ಸ್ಕ್ಯಾನ್ ಈ ಸಾಕ್ಷಿಗಳ ಸಾಲಿನಲ್ಲಿ ನಿಲ್ಲುವುದಿಲ್ಲ. ಅದರ ಕೆಲಸ ಕಾರಣ ತೋರಿಸುವುದು. ರಕ್ತ ಎಲ್ಲಿ ಹೆಪ್ಪುಗಟ್ಟಿದೆ, ಮಿದುಳಿನ ಮಡಿಕೆಗಳು ಊತದಿಂದ ಹೇಗೆ ಅಳಿಸಿಹೋಗಿವೆ, ಬೂದು ಭಾಗ ಮತ್ತು ಬಿಳಿ ಭಾಗದ ನಡುವಿನ ಗಡಿ ಹೇಗೆ ಮಸುಕಾಗಿದೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಪರೀಕ್ಷೆಗೆ ಹೊರಡುವ ಮುನ್ನ ಇದು ಬೇಕೇ ಬೇಕು. ಪಾಪೆ ಕುಗ್ಗುತ್ತಿಲ್ಲ, ಉಸಿರಿಲ್ಲ, ಆದರೆ ಸಿಟಿ ಸ್ಕ್ಯಾನ್ ನೋಡಿದರೆ ಮಿದುಳು ಚೆನ್ನಾಗಿದೆ ಅಂತಾದರೆ? ಅಲ್ಲೇ ನಿಲ್ಲಬೇಕು. ಹಾವೋ, ಮಾತ್ರೆಯೋ, ಬೇರೇನೋ ಇದೆ ಎಂದು ಹುಡುಕಬೇಕು.

ಬಣ್ಣ ಬಿಟ್ಟು ನೋಡುವುದು

ರಕ್ತನಾಳಗಳ ಒಳಗೆ ಎಕ್ಸ್‌ರೇಗೆ ಕಾಣುವ ದ್ರವ ಬಿಟ್ಟು ಚಿತ್ರ ತೆಗೆಯುವ ಆಂಜಿಯೋಗ್ರಫಿಯನ್ನು ಮಿದುಳಿಗೆ ಮೊದಲು ಮಾಡಿದವರು ಪೋರ್ಚುಗಲ್‌ನ ಎಗಾಸ್ ಮೋನಿಜ್, 1927ರಲ್ಲಿ. ಅವರಿಗೆ ನೊಬೆಲ್ ಬಂದದ್ದು ಮಾತ್ರ ಇದಕ್ಕಲ್ಲ. ಮಾನಸಿಕ ರೋಗಿಗಳ ಮಿದುಳಿನ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗೆ. ಆ ಶಸ್ತ್ರಚಿಕಿತ್ಸೆಯನ್ನು ಇಂದು ಯಾರೂ ಹೊಗಳುವುದಿಲ್ಲ, ಆಂಜಿಯೋಗ್ರಫಿಯನ್ನು ಎಲ್ಲರೂ ಬಳಸುತ್ತಾರೆ. ಬಹುಮಾನಗಳ ಹಣೆಬರಹ ಹೀಗೂ ಇರುತ್ತದೆ.

ತೊಡೆಸಂದಿಯ ರಕ್ತನಾಳದಿಂದ ತೆಳ್ಳನೆಯ ನಳಿಕೆಯೊಂದನ್ನು ಮೇಲಕ್ಕೆ ಏರಿಸುತ್ತಾರೆ. ಮಿದುಳಿಗೆ ರಕ್ತ ಒಯ್ಯುವ ನಾಲ್ಕು ದೊಡ್ಡ ದಾರಿಗಳಿವೆ: ಕತ್ತಿನ ಮುಂದೆ ಎರಡು, ಹಿಂದೆ ಎರಡು. ನಾಲ್ಕಕ್ಕೂ ದ್ರವ ಬಿಟ್ಟು ನೋಡುತ್ತಾರೆ. ಜೀವಂತ ಮಿದುಳಿನಲ್ಲಿ ಅದು ಮರದ ರೆಂಬೆಗಳಂತೆ ಒಂದೆರಡು ಸೆಕೆಂಡಿನಲ್ಲಿ ಹರಡಿ, ಆಮೇಲೆ ಇನ್ನೊಂದು ಬದಿಯ ಅಭಿಧಮನಿಗಳಲ್ಲಿ ಇಳಿದು ಹೋಗುತ್ತದೆ. ಸತ್ತ ಮಿದುಳಿನಲ್ಲಿ ಮುಂದಿನ ಎರಡು ದಾರಿಗಳು ಬುರುಡೆಯ ತಳದಲ್ಲಿ ಚೂಪಾಗುತ್ತಾ ನಿಂತುಬಿಡುತ್ತವೆ. ಹಿಂದಿನವು ಬೆನ್ನುಹುರಿಯ ತೂತಿನ ಹತ್ತಿರ ನಿಲ್ಲುತ್ತವೆ. ಅದೇ ಹೊತ್ತಿಗೆ ಮುಖಕ್ಕೆ, ನೆತ್ತಿಗೆ ಹೋಗುವ ಕವಲು ಚೆನ್ನಾಗಿ ತುಂಬಿರುತ್ತದೆ. ಆ ಕವಲು ಬಹಳ ಮುಖ್ಯ. ದ್ರವ ಸರಿಯಾಗಿ ಹೋಗಿದೆ, ಹೃದಯ ತಳ್ಳುತ್ತಿದೆ, ನಿಂತಿರುವುದು ಬುರುಡೆಯೊಳಗೆ ಮಾತ್ರ ಎಂದು ಅದೇ ತೋರಿಸುತ್ತದೆ.

ಇದನ್ನೇ ಬಹುಕಾಲದಿಂದ ಅತ್ಯಂತ ನಂಬಿಕೆಯ ಪರೀಕ್ಷೆ ಎಂದು ಇಟ್ಟುಕೊಂಡಿದ್ದಾರೆ. ತೊಂದರೆ ಇರುವುದು ಮಾಡುವುದರಲ್ಲಿ. ಬಿಪಿ ಎಳೆ ಹಿಡಿದಂತೆ ನಿಂತಿರುವ ವ್ಯಕ್ತಿಯನ್ನು ವೆಂಟಿಲೇಟರ್, ಔಷಧಿ ಪಂಪುಗಳ ಸಮೇತ ಐಸಿಯುನಿಂದ ಬೇರೆ ಕೋಣೆಗೆ ಸಾಗಿಸಬೇಕು. ಪಳಗಿದ ಕೈ ಬೇಕು. ಆ ದ್ರವ ಮೂತ್ರಪಿಂಡಕ್ಕೆ ತುಸು ಭಾರವೂ ಹೌದು. ಅಂಗದಾನದ ಮಾತು ಮುಂದೆ ಬರುವ ಸಾಧ್ಯತೆ ಇದ್ದರೆ ಅದನ್ನೂ ಯೋಚಿಸಬೇಕಾಗುತ್ತದೆ.

ಖಾಲಿ ಬಲ್ಬು ಬರುವುದು ಹೀಗೆ

ಶುರುವಿನಲ್ಲಿ ಹೇಳಿದ ಚಿತ್ರ ನ್ಯೂಕ್ಲಿಯರ್ ಸ್ಕ್ಯಾನ್‌ನದು. ಟೆಕ್ನೀಶಿಯಂ-99ಎಂ ಎಂಬ ವಿಕಿರಣ ಸೂಸುವ ಧಾತುವನ್ನು ಕೊಬ್ಬಿನಲ್ಲಿ ಕರಗುವ ಒಂದು ರಾಸಾಯನಿಕಕ್ಕೆ ಕಟ್ಟಿ ಕೈಯ ರಕ್ತನಾಳಕ್ಕೆ ಚುಚ್ಚುತ್ತಾರೆ. ಆರು ಗಂಟೆಗೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಬಹಳ ಹೊತ್ತು ಉಳಿಯುವುದಿಲ್ಲ. ಈ ರಾಸಾಯನಿಕದ ಜಾಣತನ ಏನೆಂದರೆ, ರಕ್ತ ಮಿದುಳನ್ನು ತಲುಪಿದರೆ ಇದು ಜೀವಕೋಶಗಳ ಒಳಗೆ ನುಸುಳಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ವಾಪಸ್ ಬರುವುದಿಲ್ಲ. ಅಂದರೆ ರಕ್ತ ಬಂತೇ ಅನ್ನುವುದರ ಜೊತೆಗೆ ಅದನ್ನು ತೆಗೆದುಕೊಳ್ಳಲು ಒಳಗೆ ಜೀವಂತ ಕೋಶ ಇದೆಯೇ ಅನ್ನುವುದಕ್ಕೂ ಸ್ವಲ್ಪ ಉತ್ತರ ಸಿಗುತ್ತದೆ.

ಮೂಗು ಯಾಕೆ ಹೊಳೆಯುತ್ತದೆ? ಮಿದುಳಿಗೆ ಹೋಗಬೇಕಾದ ರಕ್ತಕ್ಕೆ ಬಾಗಿಲು ಮುಚ್ಚಿದೆ. ಅದು ಪಕ್ಕದ ಕವಲಿಗೆ, ಮುಖ ಮತ್ತು ಮೂಗಿನ ಕಡೆಗೆ ತಿರುಗುತ್ತದೆ. ಅಣೆಕಟ್ಟೆಯ ಗೇಟು ಹಾಕಿದರೆ ನೀರು ಪಕ್ಕದ ಕಾಲುವೆಗೆ ನುಗ್ಗುವುದಿಲ್ಲವೇ, ಹಾಗೆ.

ನನ್ನ ಮಟ್ಟಿಗೆ ಈ ಪರೀಕ್ಷೆಯ ದೊಡ್ಡ ಗುಣ ಬೇರೆ ಇದೆ. ತಲೆಗೆ ಪೆಟ್ಟಾದವರಿಗೆ ಒತ್ತಡ ಇಳಿಸಲು ಬಾರ್ಬಿಚುರೇಟ್ ಎಂಬ ಗಾಢ ನಿದ್ದೆಯ ಔಷಧಿ ಕೊಟ್ಟಿರುವುದುಂಟು. ಅದರ ಪರಿಣಾಮದಲ್ಲಿ ಜೀವಂತ ಮಿದುಳಿನ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಗೆರೆಯಾಗಿ ತೋರಿಸುವ ಪರೀಕ್ಷೆ ಕೂಡ, ಸಪಾಟು ಗೆರೆಯಾಗಬಹುದು. ಆದರೆ ಆ ಔಷಧಿ ಮಿದುಳಿನ ರಕ್ತ ಸಂಚಾರವನ್ನು ತಗ್ಗಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಹಾಗಾಗಿ ಇಇಜಿ ಮೋಸ ಹೋಗುವ ಕಡೆ ಈ ಚಿತ್ರ ಸತ್ಯ ಹೇಳುತ್ತದೆ. ಸಾಗಿಸಬಹುದಾದ ಕ್ಯಾಮೆರಾ ಇದ್ದರೆ ಹಾಸಿಗೆಯ ಬಳಿಯೇ ಮಾಡಬಹುದು. ಒಂದು ಮಿತಿ: ಮಿದುಳು ಕಾಂಡ ಚಿಕ್ಕದು, ಆಳದಲ್ಲಿದೆ. ಮುಂದಿನಿಂದ, ಪಕ್ಕದಿಂದ ತೆಗೆದ ಚಪ್ಪಟೆ ಚಿತ್ರದಲ್ಲಿ ಅದು ಸರಿಯಾಗಿ ಕಾಣದೆ ಹೋಗಬಹುದು. ತಲೆಯ ಸುತ್ತ ಕ್ಯಾಮೆರಾ ತಿರುಗಿಸಿ ಪದರ ಪದರವಾಗಿ ತೆಗೆದರೆ ವಾಸಿ.

ಕೇಳಿಸುವ ಪರೀಕ್ಷೆ

ಡಾಪ್ಲರ್ ಎಂಬುದು ಚಿತ್ರಕ್ಕಿಂತ ಸದ್ದಿನ ಪರೀಕ್ಷೆ. ಕಿವಿಯ ಮುಂದೆ, ಕಣ್ತಲೆಯ ಜಾಗದಲ್ಲಿ ಮೂಳೆ ತೆಳು. ಅಲ್ಲಿ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಕಡ್ಡಿ ಇಟ್ಟರೆ ಒಳಗಿನ ರಕ್ತದ ಓಟ ಕೇಳಿಸುತ್ತದೆ. 1982ರಲ್ಲಿ ರೂನೆ ಆಸ್ಲಿಡ್ ಮತ್ತು ಸಂಗಡಿಗರು ಬುರುಡೆ ತೆರೆಯದೆ ಇದನ್ನು ಕೇಳಬಹುದು ಎಂದು ತೋರಿಸಿಕೊಟ್ಟರು.

ಆರೋಗ್ಯವಂತರಲ್ಲಿ ಸದ್ದು 'ಶ್ಯೂ... ಶ್ಯೂ...' ಎಂದು ಹೃದಯ ಬಡಿದಾಗ ಏರುತ್ತದೆ. ಎರಡು ಬಡಿತಗಳ ನಡುವೆಯೂ ಪೂರ್ತಿ ನಿಲ್ಲುವುದಿಲ್ಲ, ರಕ್ತ ಮುಂದಕ್ಕೇ ಸಾಗುತ್ತಿರುತ್ತದೆ. ಒಳಗಿನ ಒತ್ತಡ ಏರಿದಂತೆ ನಡುವಿನ ಹರಿವು ಕರಗುತ್ತದೆ. ಕೊನೆಗೆ ವಿಚಿತ್ರವೊಂದು ಕೇಳುತ್ತದೆ: ಬಡಿತಕ್ಕೆ ರಕ್ತ ಮುಂದೆ ಬರುತ್ತದೆ, ಗೋಡೆಗೆ ಬಡಿದಂತೆ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಮುಂದೆ, ಹಿಂದೆ. ಸಂಚಾರ ಸೊನ್ನೆ. ಇನ್ನೂ ಸ್ವಲ್ಪ ಹೊತ್ತಾದರೆ ಬಡಿತಕ್ಕೊಂದು ಮೊಳೆಯಂಥ ಚಿಕ್ಕ ಗೆರೆ ಮಾತ್ರ ಉಳಿಯುತ್ತದೆ. ಆಮೇಲೆ ಅದೂ ಇಲ್ಲ.

ಇಲ್ಲೊಂದು ಗುಂಡಿ ಇದೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಕಣ್ತಲೆಯ ಮೂಳೆ ದಪ್ಪ, ಸದ್ದು ತೂರುವುದೇ ಇಲ್ಲ. ಅವರಲ್ಲಿ ರಕ್ತ ಚೆನ್ನಾಗಿ ಓಡುತ್ತಿದ್ದರೂ ಕೇಳುವುದು ಮೌನ. ಆದ್ದರಿಂದ ಮೊದಲ ಸಲವೇ ಮೌನ ಸಿಕ್ಕರೆ ಅದು ಸಾಕ್ಷಿಯಲ್ಲ. ಹಿಂದೆ ಮುಂದೆ ಹೊಯ್ದಾಡುವ ಆ ಸದ್ದು ಸಿಗಬೇಕು, ಅಥವಾ ಮೊದಲು ಕೇಳುತ್ತಿದ್ದದ್ದು ಈಗ ನಿಂತಿರಬೇಕು. ಎರಡೂ ಕಣ್ತಲೆ, ಕತ್ತಿನ ಹಿಂಭಾಗ ಎಲ್ಲ ಕಡೆ ಕೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳುತ್ತಾರೆ.

ಸುಲಭದ ಸಿಟಿ ಆಂಜಿಯೋ, ಮುಗಿಯದ ಜಗಳ

ಕೈಯ ರಕ್ತನಾಳಕ್ಕೆ ದ್ರವ ಚುಚ್ಚಿ ಸಿಟಿ ಯಂತ್ರದಲ್ಲಿ ಕೆಲವೇ ನಿಮಿಷದಲ್ಲಿ ಮುಗಿಸಬಹುದಾದ ಸಿಟಿ ಆಂಜಿಯೋಗ್ರಫಿ ಇದ್ದಾಗ ತೊಡೆಯಿಂದ ನಳಿಕೆ ಯಾಕೆ ಏರಿಸಬೇಕು? ನ್ಯಾಯವಾದ ಪ್ರಶ್ನೆ. ಫ್ರಾನ್ಸ್‌ನಂಥ ದೇಶಗಳು ಇದನ್ನು ಒಪ್ಪಿ ಬಳಸುತ್ತಿವೆ. ಅಲ್ಲಿನ ತಂಡವೊಂದು 2009ರಲ್ಲಿ ನಾಲ್ಕು ಅಂಕಗಳ ಲೆಕ್ಕ ಕೊಟ್ಟಿತು: ಮಿದುಳಿನ ಹೊರಮೈಯ ಎರಡು ಧಮನಿ ಕವಲುಗಳು, ಆಳದ ಎರಡು ಅಭಿಧಮನಿಗಳು. ನಾಲ್ಕರಲ್ಲೂ ದ್ರವ ಕಾಣದಿದ್ದರೆ ಸಂಚಾರ ನಿಂತಿದೆ ಎಂದು ಅರ್ಥ.

ಆದರೆ 2020ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಮಾಡಿದ ವರ್ಲ್ಡ್ ಬ್ರೇನ್ ಡೆತ್ ಪ್ರಾಜೆಕ್ಟ್ ಇದನ್ನು ಸದ್ಯಕ್ಕೆ ಬೇಡ ಎಂದಿತು. 2023ರ ಅಮೆರಿಕದ ಮಾರ್ಗಸೂಚಿಯೂ ಅದನ್ನೇ ಹೇಳಿತು. ಕಾರಣ ಇದೆ. ಒತ್ತಡ ಸಮಸಮ ಆದ ಕಡೆ ದ್ರವ ಒಂದಿಷ್ಟು ದೂರ ಒಳಗೆ ಒಸರಿ ಅಲ್ಲೇ ನಿಂತುಬಿಡಬಹುದು. ಹರಿವು ಇಲ್ಲ, ಆದರೆ ಚಿತ್ರದಲ್ಲಿ ರಕ್ತನಾಳ ಬೆಳ್ಳಗೆ ಕಾಣುತ್ತದೆ. ಸಿಟಿ ತೆಗೆಯುವುದು ಒಂದೆರಡು ಗಳಿಗೆಯ ಚಿತ್ರ. ನಿಂತ ನೀರು ಯಾವುದು, ಹರಿಯುವ ನೀರು ಯಾವುದು ಎಂದು ಫೋಟೊ ನೋಡಿ ಹೇಳಿ ಅಂದರೆ? ಯಾವ ಕ್ಷಣದಲ್ಲಿ ತೆಗೆದರೆ ಸರಿ ಎಂಬುದರಲ್ಲಿ ಇನ್ನೂ ಒಮ್ಮತ ಇಲ್ಲ. ಹೀಗಾಗಿ ಒಂದು ದೇಶದಲ್ಲಿ ಸಾಕ್ಷಿಯಾಗುವ ಚಿತ್ರ ಇನ್ನೊಂದರಲ್ಲಿ ಸಾಕ್ಷಿಯಲ್ಲ.

ಎಂಆರ್‌ಐ ಬಗ್ಗೆ ಮನೆಯವರು ಕೇಳುವುದು ಜಾಸ್ತಿ, ಅದು 'ದೊಡ್ಡ ಸ್ಕ್ಯಾನ್' ಎಂಬ ಭಾವನೆ ಇರುವುದರಿಂದ. ಈ ಕೆಲಸಕ್ಕೆ ಅದು ಅಷ್ಟೇನೂ ಒದಗುವುದಿಲ್ಲ. ಅಯಸ್ಕಾಂತದ ಕೋಣೆಗೆ ಸಾಮಾನ್ಯ ವೆಂಟಿಲೇಟರ್, ಪಂಪು ಒಯ್ಯುವಂತಿಲ್ಲ. ಬಹಳ ಹೊತ್ತು ಹಿಡಿಯುತ್ತದೆ. ಅದರ ಆಂಜಿಯೋ ಚಿತ್ರವನ್ನೂ ಆ ಮಾರ್ಗಸೂಚಿಗಳು ಒಪ್ಪಿಲ್ಲ.

ಚಿತ್ರ ಸುಳ್ಳು ಹೇಳುವ ಕಡೆ

ಡಬ್ಬ ಮುಚ್ಚಿರಬೇಕು ಅಂದೆವಲ್ಲ? ಮುಚ್ಚಿಲ್ಲದಿದ್ದರೆ? ಊತ ಇಳಿಸಲು ಬುರುಡೆಯ ಒಂದು ತುಂಡನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿದ್ದರೆ ಒತ್ತಡ ಅಷ್ಟು ಏರುವುದಿಲ್ಲ. ಹಸುಗೂಸುಗಳ ನೆತ್ತಿಯ ಮೂಳೆ ಇನ್ನೂ ಕೂಡಿರುವುದಿಲ್ಲ. ಇಂಥವರಲ್ಲಿ ಮಿದುಳು ಪೂರ್ತಿ ಸತ್ತಿದ್ದರೂ ಸತ್ತ ಮಿದುಳಿನ ನಡುವೆ ರಕ್ತ ಓಡಾಡಿಕೊಂಡಿರಬಹುದು. ಜನ ಖಾಲಿ ಮಾಡಿ ಹೋದ ಮನೆಯ ನಲ್ಲಿಯಲ್ಲಿ ನೀರು ಬರುತ್ತಿರುವ ಹಾಗೆ. ಹೀಗೆ ಹರಿವು ಕಂಡಾಗ ಸಾವು ಘೋಷಿಸುವುದಿಲ್ಲ, ಕಾಯುತ್ತಾರೆ, ಆಮೇಲೆ ಮತ್ತೆ ನೋಡುತ್ತಾರೆ. ಈ ಕಡೆಯ ತಪ್ಪಿನಿಂದ ಆಗುವುದು ತಡ ಮಾತ್ರ.

ಆ ಕಡೆಯ ತಪ್ಪು ಭಯಂಕರ: ಜೀವ ಇರುವಲ್ಲಿ ಹರಿವು ಇಲ್ಲ ಎಂದು ಕಾಣುವುದು. ಸ್ಕ್ಯಾನ್ ಹೊತ್ತಿಗೆ ಬಿಪಿ ತೀರಾ ಇಳಿದಿದ್ದರೆ ಹೀಗಾಗಬಹುದು. ತಳ್ಳುವ ಬಲವೇ ಇಲ್ಲದಿದ್ದರೆ ರಕ್ತ ಎಲ್ಲಿಂದ ಏರಬೇಕು? ಅದಕ್ಕೇ ಚಿತ್ರ ತೆಗೆಯುವ ಮುನ್ನ ಬಿಪಿ ಸರಿ ಮಾಡಿಕೊಳ್ಳುವುದು. ಇನ್ನೊಂದು ಸೂಕ್ಷ್ಮ ಇದೆ. ಆರೋಗ್ಯವಂತ ಮಿದುಳಿನ 100 ಗ್ರಾಂಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ರ ಆಸುಪಾಸಿಗೆ ಇಳಿದರೆ ಕೋಶಗಳು ಕೆಲಸ ನಿಲ್ಲಿಸುತ್ತವೆ, ಸಾಯುವುದಿಲ್ಲ. 10ಕ್ಕಿಂತ ಕೆಳಗೆ ಇಳಿದರೆ ಸಾಯುತ್ತವೆ. ಇವೆರಡರ ನಡುವಿನ ಪಟ್ಟಿಯಲ್ಲಿ ಮಿದುಳು ಸತ್ತಂತೆ ಸುಮ್ಮನಿರುತ್ತದೆ, ಆದರೆ ಸತ್ತಿರುವುದಿಲ್ಲ. ಪಾರ್ಶ್ವವಾಯುವಿನಲ್ಲಿ ಮಿದುಳಿನ ಒಂದು ಭಾಗ ಹೀಗಿರುವುದು ಗೊತ್ತೇ ಇದೆ. ಇಡೀ ಮಿದುಳೇ ಕೆಲ ಹೊತ್ತು ಹೀಗಿರಬಹುದೇ, ಅಷ್ಟು ಸಣ್ಣ ಹರಿವನ್ನು ನಮ್ಮ ಸ್ಕ್ಯಾನ್‌ಗಳು ಹಿಡಿಯುತ್ತವೆಯೇ ಎಂಬ ಪ್ರಶ್ನೆಯನ್ನು ಕೆಲವು ತಜ್ಞರು ಎತ್ತಿದ್ದಾರೆ. ಕಾರಣ ಗೊತ್ತಿರಬೇಕು, ಸಾಕಷ್ಟು ಹೊತ್ತು ಕಾದಿರಬೇಕು ಎಂಬ ನಿಯಮಗಳ ಬೆಲೆ ಇಲ್ಲಿ ತಿಳಿಯುತ್ತದೆ. ಹೃದಯ ನಿಂತು ಮತ್ತೆ ಶುರುವಾದವರಲ್ಲಿ ಕನಿಷ್ಠ 24 ಗಂಟೆ ಕಾಯದೆ ಪರೀಕ್ಷೆಗೆ ಕೈ ಹಾಕುವುದಿಲ್ಲ.

ದೇಶದೇಶಗಳ ವ್ಯಾಖ್ಯಾನವೂ ಚಿತ್ರದ ಅರ್ಥ ಬದಲಿಸುತ್ತದೆ. ಬ್ರಿಟನ್‌ನಲ್ಲಿ 1976ರಿಂದ ಮಿದುಳು ಕಾಂಡದ ಸಾವೇ ಮಾನದಂಡ. ಅಮೆರಿಕದ 1981ರ ಮಾದರಿ ಕಾನೂನು ಕಾಂಡವೂ ಸೇರಿ ಇಡೀ ಮಿದುಳು ಅನ್ನುತ್ತದೆ. ಮಿದುಳು ಕಾಂಡದಲ್ಲೇ ರಕ್ತಸ್ರಾವ ಆದವರನ್ನು ನೋಡಿ. ಕಾಂಡ ಸತ್ತಿದೆ, ಮೇಲಿನ ದೊಡ್ಡ ಮಿದುಳಿಗೆ ರಕ್ತ ಇನ್ನೂ ಹೋಗುತ್ತಿದೆ. ಸ್ಕ್ಯಾನ್ ಒಂದೇ, ಎರಡು ದೇಶದಲ್ಲಿ ಎರಡು ಅರ್ಥ.

ಪರದೆಯ ಮುಂದೆ ಮನೆಯವರು

ಮಿದುಳು ಸತ್ತವರ ಕೈ ಒಮ್ಮೊಮ್ಮೆ ಅಲುಗುತ್ತದೆ. ಅಪರೂಪಕ್ಕೆ ಎರಡೂ ತೋಳು ಎದೆಯ ಮೇಲೆ ಏರಿ ಇಳಿಯುವುದೂ ಉಂಟು. ಪಕ್ಕದಲ್ಲಿ ನಿಂತ ತಾಯಿಗೋ ಮಗನಿಗೋ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಬೆನ್ನುಹುರಿ ಇನ್ನೂ ಬದುಕಿದೆ, ಇದು ಅದರ ಚಲನೆ, ಮಿದುಳಿನದಲ್ಲ ಎಂದು ಬಾಯಲ್ಲಿ ಎಷ್ಟು ಹೇಳಿದರೂ ಮನಸ್ಸಿಗೆ ಇಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಖಾಲಿ ಬಲ್ಬಿನ ಚಿತ್ರ ಮಾತಿಗಿಂತ ಬೇಗ ತಲುಪುತ್ತದೆ. ಕತ್ತು ಕಾಣುತ್ತಿದೆ, ಮುಖ ಕಾಣುತ್ತಿದೆ, ಒಳಗೆ ಏನೂ ಇಲ್ಲ. ಪಕ್ಕದಲ್ಲಿ ಆರೋಗ್ಯವಂತ ಮಿದುಳಿನ ಚಿತ್ರ ಇಟ್ಟು ತೋರಿಸಿದರೆ ವಿವರಣೆಯೇ ಬೇಡ.

ಆದರೆ ಮನೆಯವರಿಗೆ ತೋರಿಸಲೆಂದೇ ಸ್ಕ್ಯಾನ್ ಮಾಡಿಸುವ ಅಭ್ಯಾಸದ ಬಗ್ಗೆ ನನಗೆ ಅನುಮಾನ ಇದೆ. ಹಾಸಿಗೆಯ ಪಕ್ಕದ ಪರೀಕ್ಷೆ ಎಲ್ಲ ಸ್ಪಷ್ಟವಾಗಿ ಮುಗಿದಿದೆ, ಸುಮ್ನೆ ಸಮಾಧಾನಕ್ಕೆ ಒಂದು ಸ್ಕ್ಯಾನ್ ಅಂದುಕೊಳ್ಳಿ. ಬುರುಡೆ ತೆರೆದ ರೋಗಿಯಾಗಿದ್ದರೆ ಅದರಲ್ಲಿ ಒಂದಿಷ್ಟು ಹರಿವು ಕಾಣಿಸುತ್ತದೆ. ಆಗ ಅವರಿಗೆ ಏನು ಹೇಳುವುದು? ಅದರ ಬದಲು ಉಸಿರಿನ ಪರೀಕ್ಷೆಯ ಹೊತ್ತಿಗೆ, ಅವರು ಒಪ್ಪಿದರೆ, ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದು ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಹತ್ತು ನಿಮಿಷ ಏರದ ಎದೆಯನ್ನು ತಾವೇ ನೋಡಿದವರಿಗೆ ಚಿತ್ರ ಓದಿ ಹೇಳುವವರು ಬೇಕಾಗುವುದಿಲ್ಲ.

ಇನ್ನು ಸಾವಿನ ಸಮಯ. ಹಲವು ಕಡೆ ದಾಖಲೆಯಲ್ಲಿ ಬರೆಯುವುದು ಹೃದಯ ನಿಂತ ಹೊತ್ತನ್ನಲ್ಲ, ಅದು ಇನ್ನೂ ನಿಂತಿರುವುದೇ ಇಲ್ಲ. ಉಸಿರಿನ ಪರೀಕ್ಷೆ ಪೂರ್ತಿಯಾದರೆ, ರಕ್ತದ ಇಂಗಾಲದ ಡೈಆಕ್ಸೈಡ್ ಬೇಕಾದ ಅಂಕಿ ಮುಟ್ಟಿದೆ ಎಂದು ಲ್ಯಾಬಿನಿಂದ ಬಂದ ಹೊತ್ತು. ಸ್ಕ್ಯಾನ್ ಮಾಡಿಸಬೇಕಾಗಿ ಬಂದಿದ್ದರೆ ಚಿತ್ರ ತೆಗೆದ ಹೊತ್ತೂ ಅಲ್ಲ. ಅದನ್ನು ಓದಬೇಕಾದ ವೈದ್ಯರು ಪರದೆಯ ಮುಂದೆ ಕೂತು, ನೋಡಿ, ರಿಪೋರ್ಟಿಗೆ ಸಹಿ ಹಾಕಿದ ಹೊತ್ತು.